ಕಟ್ಟೆ ಮೇಲೆ ನಿಂತು ನೀರಿನ ಗತಿಗೆ ಕಲಿಸುವುದು

ಜುಂಬಾ, ಏರೋಬಿಕ್ಸ್ ಕಲಿಸಿ ಪಳಗಿದವರು ವಾಟರ್ ಏರೋಬಿಕ್ಸ್, ಅಂದರೆ ಪೂಲಿನ ನೀರಲ್ಲಿ ನಿಂತು ಮಾಡುವ ವ್ಯಾಯಾಮ, ಕಲಿಸಲು ಬಂದಾಗ ಮೊದಲು ಎಡವುವುದು ವೇಗದಲ್ಲಿ. ಜಾಗಿಂಗ್, ಕಿಕ್, ಜಂಪಿಂಗ್ ಜ್ಯಾಕ್ ಎಲ್ಲ ಗೊತ್ತಿರುವವೇ. ಆದರೆ ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಪೂಲಿನ ಕಟ್ಟೆ ಮೇಲೆ ನಿಂತು ಕಲಿಸುವವರು ಹಾಡಿನ ಪ್ರತಿ ಬೀಟಿಗೂ ಕಾಲೆತ್ತಿದರೆ, ನೀರಲ್ಲಿರುವವರು ಅದನ್ನು ಹಿಡಿಯಲು ಹೋಗಿ ಚಲನೆಯನ್ನೇ ಮೊಟಕು ಮಾಡುತ್ತಾರೆ. ಕಾಲು ಅರ್ಧಕ್ಕೇ ನಿಲ್ಲುತ್ತದೆ, ಕೈ ನೀರಿನ ಮೇಲೆ ಪಟಪಟ ಬಡಿಯುತ್ತದೆ. ಗದ್ದಲ ಜೋರು, ವ್ಯಾಯಾಮ ಕಮ್ಮಿ.

ಈ ತರಗತಿಗಳಿಗೆ ನಿಮಿಷಕ್ಕೆ 125ರಿಂದ 150 ಬೀಟಿನ ಹಾಡು ಸರಿಹೋಗುತ್ತದೆ. ಚಲನೆ ಮಾತ್ರ ಬೀಟು ಬಿಟ್ಟು ಬೀಟಿಗೆ. 132 ಬೀಟಿನ ಹಾಡಾದರೆ ನಿಮಿಷಕ್ಕೆ 66 ಚಲನೆ. ಇದನ್ನು ‘ವಾಟರ್ ಟೆಂಪೊ’ ಎನ್ನುತ್ತಾರೆ. ಇನ್ನೂ ನಿಧಾನದ್ದು ಅದರರ್ಧ, ಅಂದರೆ 33: ಒಂದು ಕಿಕ್, ಮುಂದಿನ ಕಿಕ್‌ಗೆ ಮುನ್ನ ಒಂದು ಪುಟಿತ (ಚಿಕ್ಕ ಜಿಗಿತ). ಪ್ರತಿ ಬೀಟಿನ ವೇಗ ಚಿಕ್ಕ ಚಲನೆಗೆ, ಅದೂ ಕೆಲವೇ ಸೆಕೆಂಡಿಗೆ ಸಾಕು. ಅಭ್ಯಾಸಕ್ಕೆ ಫೋನಿನ ಮೆಟ್ರೊನೋಮನ್ನು (ಟಿಕ್ ಟಿಕ್ ಎಂದು ಬೀಟು ಕೊಡುವ ಆ್ಯಪ್) 130ಕ್ಕಿಟ್ಟು, ಮೊದಲು ಎದೆಮಟ್ಟದ ನೀರಲ್ಲಿ ‘ಒಂದು-ಮ್, ಎರಡು-ಮ್’ ಎಂದು ಎಣಿಸುತ್ತ ಪೂರ್ತಿ ಕಾಲು ಬೀಸಿ ನೋಡಿ. ಆಮೇಲೆ ಹೊರಗೆ ಬಂದು ಅದೇ ನಿಧಾನವನ್ನು ಒಣ ನೆಲದ ಮೇಲೆ ತೋರಿಸಿ. ಇದು ಕಷ್ಟ, ಒಂಟಿಕಾಲಲ್ಲಿ ಅಷ್ಟು ಹೊತ್ತು ನಿಂತರೆ ಓಲಾಡುತ್ತೀರಿ, ನೀರು ಹಿಡಿದುಕೊಳ್ಳುವುದಿಲ್ಲವಲ್ಲ. ಪಕ್ಕದಲ್ಲೊಂದು ಗಟ್ಟಿ ಕುರ್ಚಿ ಇರಲಿ. ಎರಡೂ ಮಂಡಿ ಒಟ್ಟಿಗೆ ಎದೆಗೆಳೆಯುವುದನ್ನು ತೋರಿಸಲೂ ಕುರ್ಚಿಯೇ ಬೇಕು. ಟಪ್ಪಾಂಗುಚ್ಚಿ ಹಾಡಿಗೆ ಎಲ್ಲರಿಗೂ ಹುಮ್ಮಸ್ಸು ಬರುತ್ತದೆ, ನಿಜ. ಆದರೆ ಬೀಟಿನ ನಡುವಿನ ಪೆಟ್ಟುಗಳು ಜನರನ್ನು ಓಡಿಸಿಬಿಡುತ್ತವೆ. ಅದನ್ನು ಕೊನೆಗಿಟ್ಟುಕೊಳ್ಳುವುದು ಒಳ್ಳೆಯದು.

ಕಟ್ಟೆ ಮೇಲೆ ಜಿಗಿಯಬೇಡಿ. ಹಿಮ್ಮಡಿ ಎತ್ತಿ ಇಳಿಸಿದರೂ ಪುಟಿತ ಅರ್ಥವಾಗುತ್ತದೆ. ಟೈಲ್ಸ್ ಮೇಲೆ ದಿನಾ ಕುಣಿದರೆ ಮಂಡಿ ಉಳಿಯುವುದಿಲ್ಲ. ಜಾರದ ಶೂ, ಕಾಲಡಿಗೆ ರಬ್ಬರ್ ಮ್ಯಾಟ್, ಬ್ಯಾಟರಿ ಸ್ಪೀಕರ್. ಪ್ಲಗ್ಗಿಗೆ ಸಿಕ್ಕಿಸಿದ ಯಾವ ವೈರೂ ನೀರಿನ ಹತ್ತಿರ ಬೇಡ.

ದಿಕ್ಕು ಬದಲಿಸುವಾಗ ಮುಂಚಿತವಾಗಿ ಹೇಳಬೇಕು. ಎಂಟು ಜನ ಮುಂದೆ ಓಡುವಾಗ ಅವರ ಜೊತೆ ನೀರೂ ಸಾಗುತ್ತಿರುತ್ತದೆ. ತಟ್ಟನೆ ‘ಹಿಂದೆ’ ಎಂದರೆ ಅದೇ ನೀರು ಅವರನ್ನು ಬೆನ್ನಿಂದ ತಳ್ಳುತ್ತದೆ, ಅರ್ಧ ಜನ ಮುಗ್ಗರಿಸುತ್ತಾರೆ. ‘ನಾಲ್ಕು, ಮೂರು, ಎರಡು, ಹಿಂದೆ’ ಎಂದು ಕೈಯಲ್ಲೂ ತೋರಿಸಿ. ಪೂಲಿನ ಪ್ರತಿಧ್ವನಿಯಲ್ಲಿ ಬಾಯಿಮಾತು ಕೇಳುವುದು ಅಷ್ಟಕ್ಕಷ್ಟೆ.

ಆಳ ಎಲ್ಲರಿಗೂ ಒಂದೇ ಅಲ್ಲ. 1.2 ಮೀಟರ್ ನೀರು ಐದೂ ಮುಕ್ಕಾಲು ಅಡಿ ಎತ್ತರದವರಿಗೆ ಎದೆಯ ಕೆಳಗಿದ್ದರೆ, ಐದಡಿಯವರಿಗೆ ಕಂಕುಳು ದಾಟುತ್ತದೆ. ಸೊಂಟಮಟ್ಟದಲ್ಲಿ ಕಾಲಿನ ಮೇಲೆ ಬೀಳುವ ಭಾರ ಸುಮಾರು ಅರ್ಧ, ಕತ್ತಿನ ಮಟ್ಟದಲ್ಲಿ ಹತ್ತನೇ ಒಂದು ಭಾಗ. ಕುಳ್ಳಗಿರುವವರು ಆಳದ ಕಡೆ ನಿಂತರೆ ಕಾಲೂರಲಾಗದೆ ತೇಲಾಡುತ್ತಾರೆ. ಅವರನ್ನು ಆಳ ಕಡಿಮೆಯಿರುವ ಕಡೆ ನಿಲ್ಲಿಸಿ.

ನಮ್ಮಲ್ಲಿ ಇಂಥ ತರಗತಿಗೆ ಈಜು ಬಾರದವರೂ ಬರುತ್ತಾರೆ. ಹಾಗಾಗಿ ಮೊದಲ ದಿನವೇ, ಹಾಡು ಹಾಕುವ ಮುನ್ನ, ಅಂಗಾತ ತೇಲಿದರೆ ಮತ್ತೆ ನಿಲ್ಲುವುದನ್ನು ಕಲಿಸಿ: ಗಲ್ಲ ಎದೆಗೆ, ಮಂಡಿ ಹೊಟ್ಟೆಗೆ, ಕೈಯಿಂದ ನೀರನ್ನು ಕೆಳಗೂ ಮುಂದಕ್ಕೂ ಒತ್ತಿ, ಮೈ ನೆಟ್ಟಗಾದ ಮೇಲೆ ಕಾಲೂರುವುದು. ಲೈಫ್‌ಗಾರ್ಡ್ ಬೇರೆಯೇ ಇರಬೇಕು; ಕಲಿಸುವವರ ಕಣ್ಣು ಎರಡೂ ಕೆಲಸ ಮಾಡಲಾರದು. ಕಾಟನ್ ಚೂಡಿದಾರ್ ಬೇಡ, ನೆಂದರೆ ಭಾರ. ಮೈಗಂಟುವ ನೈಲಾನ್-ಲೈಕ್ರಾ, ಪೂರ್ತಿ ತೋಳಿನದಾದರೂ ಸರಿ.

ಎದೆಮಟ್ಟದ ನೀರಲ್ಲಿ ಅದೇ ಶ್ರಮಕ್ಕೆ ನಾಡಿ ನೆಲಕ್ಕಿಂತ 10-15 ಬಡಿತ ಕಮ್ಮಿ ತೋರಿಸಬಹುದು. ಹಾಗಾಗಿ ವಾಚಿನ ಅಂಕಿಗಿಂತ ಮಾತಾಡಿಸಿ ನೋಡುವುದೇ ನಂಬಿಗಸ್ಥ: ಒಂದು ವಾಕ್ಯ ಹೇಳಲಾಗಬೇಕು, ಹರಟೆ ಹೊಡೆಯಲಾಗಬಾರದು. ನೀರು 28-30 ಡಿಗ್ರಿ ಸೆಲ್ಸಿಯಸ್ ಇದ್ದರೆ ಹಿತ. ಬೆಂಗಳೂರಿನ ಡಿಸೆಂಬರ್ ಬೆಳಗಿನಲ್ಲಿ ಹೀಟರ್ ಇಲ್ಲದ ಅಪಾರ್ಟ್‌ಮೆಂಟ್ ಪೂಲ್ ಇದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಕಟ್ಟೆ ಮೇಲೆ ಬೆವರುವ ನಿಮಗೆ ಅದು ತಿಳಿಯುವುದಿಲ್ಲ. ತುಟಿ ನೀಲಿಯಾಗುತ್ತಿದೆಯೇ ನೋಡುತ್ತಿರಿ. ಕೊನೆಯ ಸ್ಟ್ರೆಚ್ ಮಾಡಿಸುವಾಗಲೂ ಮೈ ತಣ್ಣಗಾಗದಂತೆ, ಕಾಲು ಚಾಚಿ ನಿಲ್ಲಿಸಿದ್ದರೆ ಕೈ, ಕೈ ಚಾಚಿ ನಿಲ್ಲಿಸಿದ್ದರೆ ಕಾಲು ಆಡುತ್ತಿರಲಿ.

ಫೋಮ್ ಡಂಬೆಲ್ ಬಗ್ಗೆ ಒಂದು ಮಾತು. ಜಿಮ್ ಡಂಬೆಲನ್ನು ಮೊಣಕೈ ಮಡಚಿ ಎತ್ತುವಾಗ ದುಡಿಯುವುದು ತೋಳಿನ ಮುಂಭಾಗದ ಸ್ನಾಯು, ಬೈಸೆಪ್ಸ್. ನೀರಲ್ಲಿ ಫೋಮ್ ತಾನಾಗಿಯೇ ಮೇಲೇಳುತ್ತದೆ. ಕೆಳಕ್ಕೆ ಒತ್ತುವಾಗಲೂ, ಏಳುವಾಗ ತಡೆಯುವಾಗಲೂ ದುಡಿಯುವುದು ಹಿಂಭಾಗದ್ದೇ. ‘ಬೈಸೆಪ್ಸ್’ ಎಂದು ಕೂಗುತ್ತ ಇದನ್ನು ಮಾಡಿಸುವವರು ಬಹಳ. ಬೈಸೆಪ್ಸ್ ಬೇಕಿದ್ದರೆ ಫೋಮ್ ಬಿಟ್ಟು, ಅಂಗೈಯನ್ನು ಬಟ್ಟಲಂತೆ ಮಾಡಿ ನೀರನ್ನೇ ಭುಜದತ್ತ ಎಳೆಯಲು ಹೇಳಿ.