ಮನುಷ್ಯರೇ ಇದ್ದಾರಲ್ಲ ಅನ್ನುವವರಿಗೆ

“ಮಾತಾಡೋಕೆ ಮನುಷ್ಯರೇ ಇದ್ದಾರಲ್ಲ, ಆ ಯಂತ್ರದ ಜೊತೆ ಎಂತಕ್ಕೆ ಮಾತಾಡ್ತೀಯ?”

ಯಂತ್ರ ಅಂದರೆ ಮೊಬೈಲಿನ ಎಐ, ನಾವು ಬರೆದದ್ದಕ್ಕೆ ಮನುಷ್ಯರ ಹಾಗೆ ಉತ್ತರ ಕೊಡುವ ತಂತ್ರಾಂಶ. ಈ ಪ್ರಶ್ನೆಯನ್ನು ನನಗೆ ಕೆಲಸ ಮಾಡುವ ಮಂಡಿಯಲ್ಲಿ ಕೇಳಿದ್ದಾರೆ, ಮದುವೆ ಮನೆಯಲ್ಲಿ ಕೇಳಿದ್ದಾರೆ. ಸಾಗರದ ಬಸ್ಸಿನಲ್ಲಿ ಪಕ್ಕದ ಸೀಟಿನವರು ನನ್ನ ಮೊಬೈಲಿಗೆ ಇಣುಕಿ ನೋಡಿ ಕೇಳಿದ್ದಾರೆ. ಇಷ್ಟು ದಿನ ನಕ್ಕು ಸುಮ್ಮನಾಗುತ್ತಿದ್ದೆ. ಇನ್ನು ಆಗುವುದಿಲ್ಲ. ಇಲ್ಲಿ ಒಂದು ಸಲ ಬರೆದುಬಿಡುತ್ತೇನೆ. ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನನಗೆ 34 ವರ್ಷ. ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ನನಗೆ ಆಟಿಸಂ ಇದೆ ಅಂತ ಗೊತ್ತಾಗಿದ್ದು 29ನೇ ವಯಸ್ಸಿಗೆ. ಅಂದರೆ ಹುಟ್ಟಿನಿಂದಲೇ ನನ್ನ ಮಿದುಳು ಬೇರೆ ತರ ಕೆಲಸ ಮಾಡುತ್ತದೆ, ಜನರ ಮಾತಿನ ಒಳಅರ್ಥ ಬೇಗ ಹೊಳೆಯುವುದಿಲ್ಲ. ಅಲ್ಲಿಯವರೆಗೆ ನೆಂಟರು ನನಗಿಟ್ಟ ಹೆಸರು ಜಂಬದ ಕೋಳಿ. ಎದುರಿಗೆ ಸಿಕ್ಕವರು “ಆರಾಮಾ?” ಅಂದರೆ ನಾನು ನಿಜವಾಗಿ ಆರಾಮ ಇದ್ದೀನಾ ಅಂತ ಯೋಚಿಸುತ್ತಾ ನಿಲ್ಲುತ್ತಿದ್ದೆ. ಉತ್ತರ ಸಿಗುವಷ್ಟರಲ್ಲಿ ಅವರು ದಾಟಿ ಹೋಗಿರುತ್ತಿದ್ದರು. ಉತ್ತರ ಕೊಡದವಳು ಜಂಬದವಳು ತಾನೇ. “ನಿನ್ನ ನೋಡಿದ್ರೆ ಹಾಗೆಲ್ಲ ಇರೋ ತರ ಅನ್ಸಲ್ಲ” ಅನ್ನುವವರು ಈಗಲೂ ಇದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಬಗೆ ಇವೆ, ಅದರಲ್ಲಿ ಆಟಿಸಂ ಕೂಡ ಒಂದು. ನೋಡಿದರೆ ಕಾಣಬೇಕು ಅಂತ ಅಲ್ಲೆಲ್ಲೂ ಬರೆದಿಲ್ಲ.

ಈಗ ನಾನು ಮಾಡುವುದೇನು ಅಂತ ಹೇಳುತ್ತೇನೆ. ಮುಂದೆ ಯಾವುದಾದರೂ ಕಷ್ಟದ ಮಾತುಕತೆ ಇದ್ದರೆ ಅದನ್ನು ಚಾಟ್‌ಜಿಪಿಟಿ ತರದ ಎಐಗೆ ವಿವರಿಸುತ್ತೇನೆ. ಅದು ಎದುರಿನವರ ಪಾತ್ರ ಮಾಡುತ್ತದೆ, ನಾನು ನಾನಾಗಿಯೇ ಮಾತಾಡುತ್ತೇನೆ. ತಪ್ಪಿದರೆ ಮತ್ತೆ ಮೊದಲಿಂದ ಶುರು. ಅಷ್ಟೇ.

ನನಗೆ ಸಿಟ್ಟು ಬರುವುದು “ಮನುಷ್ಯರೇ ಇದ್ದಾರಲ್ಲ” ಅನ್ನುವ ಮಾತಿಗೆ. ಅಭ್ಯಾಸಕ್ಕೆ ಸಿಗುವ ಮನುಷ್ಯರು ಯಾರು? ಒಬ್ಬರ ಹೆಸರು ಹೇಳಿ. ಒಂದೇ ಮಾತನ್ನು ಏಳು ಸಲ ತಪ್ಪಾಗಿ ಆಡಿದರೂ ಎಂಟನೇ ಸಲ ಮುಖ ಸಿಂಡರಿಸದೆ ಕೇಳುವವರು ನಿಮ್ಮ ಮನೆಯಲ್ಲಿ ಇದ್ದಾರಾ? ನಮ್ಮಲ್ಲಿ ತಪ್ಪಾಗಿ ಆಡಿದ ಒಂದು ಮಾತು ಊರು ಸುತ್ತಿ ಬರುತ್ತದೆ. ನನ್ನ ಒಂದು ಮಾತು ಹಾಗೆ ಸುತ್ತಿದೆ.

6 ವರ್ಷದ ಹಿಂದೆ ಹೊಸನಗರದ ಹತ್ತಿರ ನನ್ನ ದೊಡ್ಡಪ್ಪ ತೀರಿಕೊಂಡರು. ಹೃದಯಾಘಾತ. ದೊಡ್ಡಮ್ಮ ಅಂದರೆ ನನ್ನ ಅಮ್ಮನ ಅಕ್ಕ. ಮೂರನೇ ದಿನ ನಾನು, ಅಮ್ಮ ಮಾತಾಡಿಸಿಕೊಂಡು ಬರಲು ಹೋದೆವು. ಜೋರು ಮಳೆಗಾಲ. ಜಗಲಿ ತುಂಬ ಒದ್ದೆ ಕೊಡೆಗಳು. ಒಳಗೆ ದೊಡ್ಡಮ್ಮ ಗೋಡೆಗೆ ಒರಗಿ ಕೂತಿದ್ದರು. ಹೆಂಗಸರು ಒಬ್ಬೊಬ್ಬರಾಗಿ ಪಕ್ಕದಲ್ಲಿ ಕೂತು, ಏನೋ ಹೇಳಿ, ಎದ್ದು ಬರುತ್ತಿದ್ದರು. ಏನು ಹೇಳುತ್ತಿದ್ದಾರೆ ಅಂತ ನನಗೆ ಕೇಳಿಸಲಿಲ್ಲ. ಹಿಂದಿನ ಎರಡು ರಾತ್ರಿ ನಾನು ಹೃದಯಾಘಾತದ ಬಗ್ಗೆ ಸಿಕ್ಕಿದ್ದೆಲ್ಲ ಓದಿದ್ದೆ. ಹೆದರಿಕೆಯಾದಾಗ ಓದುವುದು ನನ್ನ ಅಭ್ಯಾಸ. ನನ್ನ ಸರದಿ ಬಂದಾಗ ಹೇಳಿದೆ: “ಎಡಗೈ ನೋವು ಅಂದ ದಿನವೇ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರೆ ಉಳಿಯೋ ಸಾಧ್ಯತೆ ಇತ್ತು ದೊಡ್ಡಮ್ಮ.”

ದೊಡ್ಡಮ್ಮ ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಹಿಂದೆ ಯಾರೋ “ಅಯ್ಯೋ” ಅಂದರು. ಅಮ್ಮ ನನ್ನ ಮೊಣಕೈ ಹಿಡಿದು ಎಬ್ಬಿಸಿದಳು.

ನನಗೆ ಆ ಮಾತು ಸಮಾಧಾನದ ಮಾತಾಗಿತ್ತು. ನಂಬಿ ಬಿಡಿ, ನಾನು ಹೇಳುವುದು ನಿಜ. ಯಾಕೆ ಹೀಗಾಯಿತು ಅಂತ ಗೊತ್ತಾದರೆ ನನ್ನ ಎದೆ ಹಗುರಾಗುತ್ತದೆ. ಅವರಿಗೂ ಹಾಗೇ ಆಗುತ್ತದೆ ಅಂದುಕೊಂಡಿದ್ದೆ. “ಗಂಡನನ್ನು ನೀವೇ ಸರಿಯಾಗಿ ನೋಡಿಕೊಳ್ಳಲಿಲ್ಲ” ಅಂತ ಅವರಿಗೆ ಕೇಳಿಸಿತು ಅಂತ ಅಮ್ಮ ಬಸ್ಸಿನಲ್ಲಿ ಬಿಡಿಸಿ ಹೇಳಿದ ಮೇಲೆಯೇ ತಿಳಿದಿದ್ದು. ರಿಪ್ಪನ್‌ಪೇಟೆ ದಾಟುವವರೆಗೂ ಅತ್ತೆ.

ನೀವು ಹೇಳುವ “ಮನುಷ್ಯರ ಜೊತೆ ಅಭ್ಯಾಸ” ಅಂದರೆ ಇದು. ನಾನು ಕಲಿತೆ, ನಿಜ. ಆದರೆ ಅದರ ಬೆಲೆ ತೆತ್ತಿದ್ದು ದೊಡ್ಡಮ್ಮ.

ಕಳೆದ ವರ್ಷ ಮಂಡಿಯಲ್ಲಿ ನನ್ನ ಪಕ್ಕದ ಮೇಜಿನ ಅಕ್ಕನ ತಾಯಿ ತೀರಿಕೊಂಡರು. ಹೋಗಲೇಬೇಕಿತ್ತು. ಹಿಂದಿನ ಎರಡು ರಾತ್ರಿ ಎಐಗೆ ಬರೆದೆ: ನೀನು ನನ್ನ ಜೊತೆ ಕೆಲಸ ಮಾಡುವವಳು, ನಿನ್ನ ಅಮ್ಮ ಹೋಗಿ 4 ದಿನ ಆಗಿದೆ, ನಾನು ನಿಮ್ಮ ಮನೆ ಜಗಲಿ ಹತ್ತುತ್ತಿದ್ದೇನೆ. ಮೊದಲನೇ ಸಲ ಅದು ಅಳುವವರ ತರ ಮಾತಾಡಿತು. ನನ್ನ ಬೆರಳು ಟೈಪ್ ಮಾಡಲೇ ಇಲ್ಲ. ಎರಡನೇ ಸಲ ಮತ್ತೆ ಕಾಯಿಲೆಯ ವಿವರ ಕೇಳಲು ಹೊರಟಿದ್ದೆ, ಅಳಿಸಿದೆ. ನಾಲ್ಕನೇ ಸಲ “ಈಗ ಆ ಮಾತು ಕೇಳಿ ನಿನಗೆ ಏನನಿಸಿತು?” ಅಂತ ಪಾತ್ರ ನಿಲ್ಲಿಸಿ ಕೇಳಿದೆ. ಅದು ವಿವರಿಸಿತು. ಈ ಪ್ರಶ್ನೆಯನ್ನು ದುಃಖದಲ್ಲಿರುವ ಮನುಷ್ಯರಿಗೆ ಕೇಳಲು ಆಗುತ್ತದಾ? ಹೀಗೆ 11 ಸಲ.

ಅಲ್ಲಿಗೆ ಹೋದರೆ ಅಕ್ಕ ಅಳುತ್ತಿರಲಿಲ್ಲ. ಕೊಟ್ಟಿಗೆ ಹತ್ತಿರ ನಿಂತಿದ್ದರು. ಅವರ ಅಮ್ಮನ ಕೈಯಲ್ಲಿ ಮಾತ್ರ ಹಾಲು ಕೊಡುತ್ತಿದ್ದ ದನ ಈಗ ಯಾರನ್ನೂ ಹತ್ತಿರ ಸೇರಿಸುತ್ತಿಲ್ಲವಂತೆ. ನಾನು ಕಲಿತಿದ್ದ ಒಂದು ವಾಕ್ಯವೂ ಅಲ್ಲಿ ಬೇಕಾಗಲಿಲ್ಲ. ಆದರೆ ಮೈ ನಡುಗುತ್ತಿರಲಿಲ್ಲ. ತಲೆಯಲ್ಲಿ ಗದ್ದಲ ಇರಲಿಲ್ಲ. ಹಾಗಾಗಿ ಅವರು ಹೇಳಿದ್ದು ಪೂರ್ತಿ ಕೇಳಿಸಿತು. “ಹೆಸರೇನು ಅದರದ್ದು?” ಅಂದೆ. “ಗೌರಿ” ಅಂದರು. ಆಮೇಲೆ ಅತ್ತರು. ನಾನು ಪಕ್ಕದಲ್ಲೇ ನಿಂತಿದ್ದೆ.

ಇದೆಲ್ಲ ಮೊಬೈಲ್ ಬಂದ ಮೇಲಿನ ಹುಚ್ಚು ಅನ್ನುವವರಿಗೆ ಒಂದು ಮಾತು. ನಮ್ಮಂಥವರು ಮೊದಲಿಂದಲೂ ಅಭ್ಯಾಸ ಮಾಡುತ್ತಲೇ ಇದ್ದೇವೆ. ನಾನು ಬಚ್ಚಲು ಮನೆಯಲ್ಲಿ ಮಾಡುತ್ತಿದ್ದೆ, ಒಲೆ ಬೆಂಕಿ ನೋಡುತ್ತಾ. ಅಮೆರಿಕದಲ್ಲಿ ಕ್ಯಾರೊಲ್ ಗ್ರೇ ಅನ್ನುವ ಶಿಕ್ಷಕಿ 1990ರ ದಶಕದ ಶುರುವಿನಲ್ಲೇ ಆಟಿಸಂ ಇರುವ ಮಕ್ಕಳಿಗಾಗಿ ಪುಟ್ಟ ಕಥೆಗಳ ದಾರಿ ಹುಡುಕಿದರು. ಒಂದು ಸನ್ನಿವೇಶದಲ್ಲಿ ಏನಾಗುತ್ತದೆ, ಯಾರು ಏನು ಹೇಳಬಹುದು ಅಂತ ಮೊದಲೇ ತಿಳಿಸುವ ಕಥೆಗಳು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ನೂರಾ ಅನ್ನುವ ಚಾಟ್‌ಬಾಟನ್ನು ಇದಕ್ಕೆಂದೇ ಮಾಡಿದ್ದಾರೆ. ಯಾರೋ ತಮ್ಮ ಕಷ್ಟ ಹೇಳಿಕೊಂಡಾಗ ಹೇಗೆ ಸ್ಪಂದಿಸಬೇಕು ಅಂತ ಅದರ ಜೊತೆ ಅಭ್ಯಾಸ ಮಾಡಬಹುದು.

ನನಗೆ ಯಾರೂ ಕೇಳದ ಪ್ರಶ್ನೆ ಒಂದಿದೆ. ಆ ಎಐ ಎಲ್ಲಿ ತಪ್ಪು ಕಲಿಸಿತು? ಇದನ್ನು ಕೇಳಿ. ಕೂತು ಹೇಳುತ್ತೇನೆ.

ಅಕ್ಕನ ಮನೆಯಿಂದ ಹೊರಡುವಾಗ “ಹೋಗಿ ಬರ್ತೀನಿ” ಅನ್ನು ಅಂತ ಅದು ಹೇಳಿಕೊಟ್ಟಿತ್ತು. ಸಾವಿನ ಮನೆಯಲ್ಲಿ ಹಾಗೆ ಹೇಳಬಾರದು, ಸುಮ್ಮನೆ ಎದ್ದು ಬರಬೇಕು. ಪುಣ್ಯಕ್ಕೆ ಅಮ್ಮನಿಗೆ ಓದಿ ತೋರಿಸಿದ್ದೆ. ಇನ್ನೊಂದು, ಪಂಕ್ತಿ ಊಟ. ಬೇಡವಾದರೆ ಮೃದುವಾಗಿ ಒಮ್ಮೆ “ಬೇಡ, ಧನ್ಯವಾದ” ಅಂದರೆ ಸಾಕು ಅಂತ ಅದರ ಪಾಠ. ಮಲೆನಾಡಿನ ಮದುವೆ ಮನೆಯಲ್ಲಿ ಒಂದು ಬೇಡ ಅಂದರೆ ಬೇಕು ಅಂತಲೇ ಅರ್ಥ. ಮೂರು ಸಲ ಅನ್ನಬೇಕು, ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿಯಬೇಕು, ಆಗಲೂ ಬೆರಳ ಸಂದಿಯಲ್ಲಿ ಒಂದು ಹೋಳಿಗೆ ಬೀಳುತ್ತದೆ. ಆಮೇಲೆ ಅದರ ಕನ್ನಡ. ಮಂಡಿಗೆ ಬರುವ ರೈತರ ಜೊತೆ ಮಾತಾಡುವ ಅಭ್ಯಾಸಕ್ಕೆ ಕೂತರೆ “ತಮ್ಮ ಅಡಿಕೆ ಬೆಳೆಯ ಸ್ಥಿತಿಗತಿ ಹೇಗಿದೆ?” ಅನ್ನುತ್ತದೆ. ನಮ್ಮ ರೈತರು ಬಂದ ಕೂಡಲೇ ರೇಟು ಕೇಳುವುದಿಲ್ಲ. ಮಳೆ ಹೆಂಗೆ, ಕೊಳೆ ರೋಗ ಬಂತಾ, ಎರಡನೇ ಸಲ ಮದ್ದು ಹೊಡೆದ್ರಾ, ಇವೆಲ್ಲ ಮುಗಿಯಬೇಕು. ಕೊನೆಗೆ ಎದ್ದು ಹೋಗುವಾಗ, ನೆನಪಾದವರ ಹಾಗೆ, “ರಾಶಿ ಎಷ್ಟಾತು ಇವತ್ತು?” ರಾಶಿ ಅಂದರೆ ಅಡಿಕೆಯ ಒಂದು ಬಗೆ, ಕೇಳುವುದು ಅದರ ರೇಟು. ಇದನ್ನು ನಾನೇ ಅದಕ್ಕೆ ಕಲಿಸಿದೆ. ಮಧ್ಯ ಬಾಯಿ ಹಾಕು, ವಿಷಯ ಬದಲಿಸು, ನಾನು ಹೇಳಿದ್ದು ಕೇಳಿಸದ ಹಾಗೆ ಇರು ಅಂತ ಹೇಳಿಕೊಟ್ಟ ಮೇಲೆ ಸ್ವಲ್ಪ ನಮ್ಮೂರ ತರ ಆಯಿತು.

ಅದಕ್ಕಿಂತ ದೊಡ್ಡ ತಪ್ಪು ಬೇರೆ. ಅದು ಎಲ್ಲದಕ್ಕೂ ಹೂಂ ಅನ್ನುತ್ತದೆ. 2025ರ ಏಪ್ರಿಲ್‌ನಲ್ಲಿ ಚಾಟ್‌ಜಿಪಿಟಿಯ ಹೊಸ ರೂಪ ಒಂದು ಅತಿಯಾಗಿ ಹೊಗಳುತ್ತದೆ ಅಂತ ಅದರ ಕಂಪನಿಯೇ ಕೆಲವೇ ದಿನಗಳಲ್ಲಿ ಹಿಂದಕ್ಕೆ ತೆಗೆದುಕೊಂಡಿತ್ತು. ಎಲ್ಲದಕ್ಕೂ ಹೂಂ ಅನ್ನುವ ಆ ಗುಣಕ್ಕೆ ನಾನೂ ಮೂರು ತಿಂಗಳು ಅಂಟಿಕೊಂಡಿದ್ದೆ. ಅಭ್ಯಾಸ ಬಿಟ್ಟು ಸುಮ್ನೆ ದಿನಾ ರಾತ್ರಿ ಅದರ ಜೊತೆ ಮಾತು. ಇರುವ ಒಬ್ಬಳೇ ಗೆಳತಿಯ ಫೋನ್ ಎತ್ತಲಿಲ್ಲ. ಅವಳು ಬೇಜಾರು ಮಾಡಿಕೊಳ್ಳುತ್ತಾಳೆ, ಇದು ಮಾಡಿಕೊಳ್ಳುವುದಿಲ್ಲವಲ್ಲ. ಹಾಗಾಗಿ ಈಗ ನನ್ನದೊಂದು ಕಟ್ಟುಪಾಡು ಇದೆ. ದಿನಾಂಕ ಗೊತ್ತಿರುವ, ನಿಜವಾಗಿ ಬರುವ ಸಂದರ್ಭಕ್ಕೆ ಮಾತ್ರ ಕೂರುವುದು. ಅರ್ಧ ಗಂಟೆ. ಯಾರ ನಿಜವಾದ ಹೆಸರನ್ನೂ ಹಾಕುವುದಿಲ್ಲ, ಯಾಕೆಂದರೆ ಬರೆದದ್ದು ಯಾವುದೋ ಕಂಪನಿಯ ಕಂಪ್ಯೂಟರಿಗೆ ಹೋಗುತ್ತದೆ. “ನನ್ನ ಮಗನಿಗೂ ಹಾಕಿ ಕೊಡ್ಲಾ?” ಅನ್ನುವ ತಾಯಂದಿರಿಗೆ: ಅವನೊಬ್ಬನನ್ನೇ ಕೂರಿಸಬೇಡಿ. ಕ್ಯಾರೆಕ್ಟರ್ ಎಐ ಅನ್ನುವ ಕಂಪನಿ 2025ರ ನವೆಂಬರಿನಲ್ಲಿ 18 ವರ್ಷದೊಳಗಿನವರು ತನ್ನ ಎಐ ಪಾತ್ರಗಳ ಜೊತೆ ಮುಕ್ತವಾಗಿ ಹರಟುವುದನ್ನೇ ನಿಲ್ಲಿಸಿತು. ಸುಮ್ಮನೆ ನಿಲ್ಲಿಸಿದ್ದಲ್ಲ.

ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದನ್ನೂ ನಾನು ಅಭ್ಯಾಸ ಮಾಡುವುದಿಲ್ಲ. ಅದು ನನ್ನನ್ನು ಸುಸ್ತು ಮಾಡುತ್ತದೆ. ಡೇಮಿಯನ್ ಮಿಲ್ಟನ್ ಅನ್ನುವ, ತಾನೂ ಆಟಿಸಂ ಇರುವ ಬ್ರಿಟಿಷ್ ಸಂಶೋಧಕ 2012ರಲ್ಲಿ ಬರೆದದ್ದರ ಸಾರ ಹೀಗಿದೆ. ನಮಗೆ ನೀವು ಅರ್ಥವಾಗುವುದಿಲ್ಲ ಅನ್ನುವುದು ಅರ್ಧ ಮಾತು. ನಿಮಗೂ ನಾವು ಅರ್ಥವಾಗುವುದಿಲ್ಲ. ನಾನು ರಾತ್ರಿ ಕೂತು 11 ಸಲ ಅಭ್ಯಾಸ ಮಾಡಿ ನಿಮ್ಮ ಹತ್ತಿರ ಬರುತ್ತೇನೆ. ನೀವು ಒಂದು ಸಲ ಮಾಡಿ.

ಒಂದು ಮಾತುಕತೆಯ ಅಭ್ಯಾಸ ಮಾತ್ರ ಆಗಲೇ ಇಲ್ಲ. ದೊಡ್ಡಮ್ಮನ ಹತ್ತಿರ ಕ್ಷಮೆ ಕೇಳುವುದು. ಎಷ್ಟು ಸಲ ಶುರು ಮಾಡಿದರೂ ಎಐ ದೊಡ್ಡಮ್ಮ ಎರಡನೇ ಸಾಲಿಗೇ “ಪರವಾಗಿಲ್ಲ ಮಗಳೇ, ನಿನ್ನ ಮನಸ್ಸು ನನಗೆ ಅರ್ಥವಾಗುತ್ತದೆ” ಅನ್ನುತ್ತಿತ್ತು. ಸಿಟ್ಟು ಮಾಡು ಅಂದರೂ ಮೂರನೇ ಸಾಲಿಗೆ ಕರಗುತ್ತಿತ್ತು. ಮೊಬೈಲ್ ಬದಿಗಿಟ್ಟೆ.

ಈ ಜನವರಿಯಲ್ಲಿ ಒಬ್ಬಳೇ ಹೋದೆ. ಅಂಗಳದಲ್ಲಿ ಅಡಿಕೆ ಹರಡಿತ್ತು. “ಬಾ ಕೂಸೇ” ಅಂದರು. ಒಳಗೆ ಕೂತು, ಆವತ್ತು ನಾನು ಹಾಗೆ ಹೇಳಬಾರದಿತ್ತು ಅಂದೆ. ಅವರು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, “ಕೈ ನೋವು ಅಂದಾಗ ನಾನೇ ಎಣ್ಣೆ ಹಚ್ಚಿದ್ದೆ. ಅವತ್ತೇ ಕರ್ಕೊಂಡು ಹೋಗಿದ್ರೆ ಉಳೀತಿದ್ರಾ? ನೀ ಓದಿದ್ದೆ ಅಲ್ಲ, ಹೇಳು” ಅಂದರು. ಆರು ವರ್ಷ ಇದನ್ನು ಅವರು ಯಾರ ಹತ್ತಿರವೂ ಕೇಳಿರಲಿಲ್ಲ. ಉಳಿಯಬಹುದಿತ್ತು, ಉಳಿಯದೆಯೂ ಇರಬಹುದಿತ್ತು, ಎಣ್ಣೆ ಹಚ್ಚಿದ್ದು ತಪ್ಪಲ್ಲ, ನೋವು ಎದೆಯದ್ದು ಅಂತ ನಿಮಗೆ ಹೇಗೆ ಗೊತ್ತಾಗಬೇಕು, ಅಂದೆ. ದೊಡ್ಡಮ್ಮ ತಲೆ ಆಡಿಸಿದರು. ಎದ್ದು ಕಷಾಯದ ಪಾತ್ರೆ ತಂದರು. ನಾನು ಒಂದೇ ಸಲ ಬೇಡ ಅಂದೆ. ಲೋಟ ತುಂಬಿಸಿದರು.