ಸುರುಳಿ ಕಪಾಟು: ಮೂರನೇ ಸಾಲಿಗೆ ಬಂದೆ

ಮೇಲಿನ ಎರಡು ಸಾಲು ತುಂಬಿದವು. ಹೊಸಬರಿಗೆ ಒಂದು ಮಾತು: ಪ್ರಾಚೀನ ಯೆಹೂದಿಗಳ ಪವಿತ್ರ ಗ್ರಂಥಗಳು ಹೇಗೆ ಒಟ್ಟುಗೂಡುತ್ತಾ ಬಂದವು ಅಂತ ಕಾಗದದಲ್ಲಿ ತೋರಿಸುವ ಮಾದರಿ ಇದು. ಅವರ ಹತ್ತಿರ ರಟ್ಟು ಹಾಕಿದ ಒಂದೇ ಪುಸ್ತಕ ಇರಲಿಲ್ಲ, ಇದ್ದದ್ದು ಬಿಡಿ ಸುರುಳಿಗಳು. ಅದಕ್ಕೇ ಕಪಾಟು.

ಮೊದಲ ಸಾಲು ತೋರಾದ, ಅಂದರೆ ಧರ್ಮಶಾಸ್ತ್ರದ ಐದು ಗ್ರಂಥಗಳದು. ಇಲ್ಲಿ ತಕರಾರಿಲ್ಲ. ಕ್ರಿ.ಪೂ. 3ನೇ ಶತಮಾನದಲ್ಲಿ ಗ್ರೀಕ್ ಅನುವಾದ ಶುರುವಾದದ್ದೂ ಇವುಗಳಿಂದಲೇ.

ಎರಡನೇ ಸಾಲಿನ ಪ್ರವಾದಿಗಳಲ್ಲಿ ಯೆಶಾಯನ ಸುರುಳಿ ಮಾಡುವಾಗ ಖುಷಿಯಾಯಿತು. ಮೃತ ಸಮುದ್ರದ ಹತ್ತಿರದ ಕುಮ್ರಾನ್ ಗುಹೆಯಲ್ಲಿ ಸಿಕ್ಕ ಪ್ರಾಚೀನ ಸುರುಳಿ 7.34 ಮೀಟರ್ ಉದ್ದ, 17 ಚರ್ಮದ ಹಾಳೆಗಳನ್ನು ಹೊಲಿದು ಸೇರಿಸಿದ್ದು. ನನ್ನದು ಅದರ ಕಾಲು ಭಾಗ. ಹಾಳೆಗಳಿಗೆ ಟೀ ಡಿಕಾಕ್ಷನ್ ಬಳಿದು, ಒಣಗಿಸಿ, ದಾರದಲ್ಲೇ ಹೊಲಿದೆ. ಯೆರೆಮೀಯನ ಸುರುಳಿ ಮಾತ್ರ ಎರಡು ಮಾಡಿದ್ದೇನೆ, ಒಂದು ಉದ್ದ, ಒಂದು ಗಿಡ್ಡ. ಕುಮ್ರಾನಿನಲ್ಲಿ ಈ ಗ್ರಂಥದ ಉದ್ದ, ಗಿಡ್ಡ ಎರಡೂ ರೂಪಗಳ ತುಣುಕುಗಳು ಸಿಕ್ಕಿವೆ, ಅಲ್ವಾ? ಒಂದನ್ನೇ ಇಟ್ಟರೆ ಸುಳ್ಳು ಹೇಳಿದ ಹಾಗಾಗುತ್ತದೆ.

ಈಗ ಮೂರನೇ ಸಾಲು, ಉಳಿದ ಗ್ರಂಥಗಳದು. ಕ್ರಿ.ಪೂ. 132ರಲ್ಲಿ ಈಜಿಪ್ಟಿಗೆ ಹೋದ ಒಬ್ಬಾತ, ಯೆಹೂದಿ ಜ್ಞಾನಿ ಬೆನ್ ಸಿರಾನ ಮೊಮ್ಮಗ, ತಾತನ ಗ್ರಂಥವನ್ನು ಗ್ರೀಕಿಗೆ ಅನುವಾದಿಸಿ ಬರೆದ ಮುನ್ನುಡಿಯಲ್ಲಿ ಧರ್ಮಶಾಸ್ತ್ರ, ಪ್ರವಾದಿಗಳು, ಆಮೇಲೆ 'ಉಳಿದ ಗ್ರಂಥಗಳು' ಅಂತಾನೆ. ಉಳಿದವು ಯಾವುವು ಅಂತ ಹೇಳಲ್ಲ! ಕೀರ್ತನೆಗಳನ್ನು ಕಣ್ಣುಮುಚ್ಚಿ ಇಡಬಹುದು. ಮುಂದೆ ಪವಿತ್ರ ಗ್ರಂಥಗಳ ಪಟ್ಟಿಗೆ ಸೇರಿದ ಎಸ್ತೇರಳ ಗ್ರಂಥದ ಒಂದು ಚೂರೂ ಕುಮ್ರಾನಿನಲ್ಲಿ ಸಿಕ್ಕಿಲ್ಲ. ಆದರೆ ಆ ಯೆಹೂದಿ ಪಟ್ಟಿಯಿಂದ ಹೊರಗುಳಿದ ಹನೋಕನ ಗ್ರಂಥದ ಅರಮಾಯಿಕ್ ಪ್ರತಿಗಳು ಹಲವಾರು ಸಿಕ್ಕಿವೆ. ಹಾಗಾಗಿ ಈ ಸಾಲಿನ ಕೊನೆಗೆ ಹಲಗೆ ಹೊಡೆಯದೆ ತೆರೆದೇ ಬಿಟ್ಟಿದ್ದೇನೆ.

ಪರಮಗೀತ, ಪ್ರಸಂಗಿ ಎರಡಕ್ಕೂ ಕೆಂಪು ದಾರ. ಇವು 'ಕೈ ಮೈಲಿಗೆ ಮಾಡುತ್ತವೆಯೇ' ಅಂತ ರಬ್ಬಿಗಳು (ಯೆಹೂದಿ ಧರ್ಮಗುರುಗಳು) ವಾದ ಮಾಡಿದ್ದು ಅವರ ಧರ್ಮನಿಯಮಗಳ ಸಂಗ್ರಹವಾದ ಮಿಷ್ನಾದಲ್ಲಿದೆ. ಹೌದು, ಅವರ ಲೆಕ್ಕದಲ್ಲಿ ಪವಿತ್ರ ಗ್ರಂಥ ಮುಟ್ಟಿದರೇ ಕೈ ಮೈಲಿಗೆ! ಪರಮಗೀತದ ಪರ ಜೋರಾಗಿ ನಿಂತವನು ರಬ್ಬಿ ಅಕೀವ.

'ಕ್ರಿ.ಶ. 90ರ ಸುಮಾರಿಗೆ ಯಾವ್ನೆಯಲ್ಲಿ ಸಭೆ ಸೇರಿ ಪಟ್ಟಿ ಅಂತಿಮ ಮಾಡಿದರು' ಅಂತ ಒಂದು ಚೀಟಿ ಅಂಟಿಸು ಅಂತ ಗೆಳೆಯರೊಬ್ಬರು ಹೇಳಿದರು (ಯಾವ್ನೆ ಅಂದರೆ ರಬ್ಬಿಗಳ ವಿದ್ಯಾಕೇಂದ್ರವಿದ್ದ ಊರು). ಅಂಟಿಸಲ್ಲ. ಅದು 19ನೇ ಶತಮಾನದ ಊಹೆ, ವಿದ್ವಾಂಸರು ಈಗ ಅದನ್ನು ಹೆಚ್ಚುಕಡಿಮೆ ಕೈಬಿಟ್ಟಿದ್ದಾರೆ. 1ನೇ ಶತಮಾನದ ಕೊನೆಯ ಹೊತ್ತಿಗೇ ಯೆಹೂದಿ ಇತಿಹಾಸಕಾರ ಜೋಸೆಫಸ್ 22 ಗ್ರಂಥ ಅಂತಾನೆ, ಎಜ್ರನ ಹೆಸರಿನ ಇನ್ನೊಂದು ಕೃತಿ 24 ಅನ್ನುತ್ತದೆ. ಎರಡೂ ಅಂಕಿ ಬರೆದ ಚೀಟಿಗಳನ್ನು ಪಕ್ಕಪಕ್ಕ ಹಾಕುತ್ತೇನೆ.

ಮುಂದಿನ ಕೆಲಸ ದಾನಿಯೇಲನ ಸುರುಳಿ. ದಾರ ಮುಗಿದಿದೆ, ತರಬೇಕು.