ಕಲ್ಲಿನ ಮೇಲೆ ಯಾರ ಹೆಸರು

4 ಮೇ 2025, ಭಾನುವಾರ
ಮೈಸೂರು, ರಾತ್ರಿ ಹತ್ತೂವರೆ

ಎರಡು ಸಲ ಸೋಪು ಹಾಕಿ ತೊಳೆದರೂ ಕೈಯಿಂದ ಪಾಚಿಯ ವಾಸನೆ ಹೋಗಿಲ್ಲ. ಮರೆಯುವ ಮೊದಲು ಇವತ್ತಿನದನ್ನು ಬರೆದುಬಿಡುತ್ತೇನೆ.

ಬೇಸಿಗೆ ಶುರುವಾದಾಗಿನಿಂದ ಭಾನುವಾರ ಬಂತೆಂದರೆ ನಾನೂ ಅಪ್ಪನೂ ಸ್ಕೂಟರ್ ಹತ್ತಿ ದಾರಿ ಬದಿಯ ಕಲ್ಲುಗಳನ್ನು ನೋಡಲು ಹೊರಡುತ್ತೇವೆ. ಶಾಸನ, ವೀರಗಲ್ಲು, ಮಾಸ್ತಿಕಲ್ಲು, ಬ್ರಿಟಿಷರು ನೆಡಿಸಿದ ನೆನಪಿನ ಕಲ್ಲು, ಯಾವುದಾದರೂ ಸರಿ. ಅಪ್ಪ ಲೋಕೋಪಯೋಗಿ ಇಲಾಖೆಯಲ್ಲಿ ವರ್ಕ್ ಇನ್‌ಸ್ಪೆಕ್ಟರ್ ಆಗಿದ್ದವನು. ಮೂವತ್ತು ವರ್ಷ ಮೈಲಿಗಲ್ಲುಗಳಿಗೆ ಬಣ್ಣ ಹೊಡೆಸಿದ್ದಾನೆ. ರಾಷ್ಟ್ರೀಯ ಹೆದ್ದಾರಿಗೆ ಹಳದಿ ತಲೆ, ರಾಜ್ಯ ಹೆದ್ದಾರಿಗೆ ಹಸಿರು ತಲೆ. ರಸ್ತೆ ಬದಿಯಲ್ಲಿ ಕಲ್ಲೊಂದು ಕಂಡರೆ ಅದರ ಮೇಲೇನಿದೆ ಎಂದು ಓದದೆ ಮುಂದೆ ಹೋಗುವ ಜೀವವೇ ಅಲ್ಲ. ನನಗೂ ಆ ಚಟ ಅವನಿಂದಲೇ ಬಂದಿರಬೇಕು.

ಇವತ್ತು ಶ್ರೀರಂಗಪಟ್ಟಣಕ್ಕೆ ಹೋಗಬೇಕೆಂದು ತಿಂಗಳ ಹಿಂದೆಯೇ ಗೊತ್ತು ಮಾಡಿಕೊಂಡಿದ್ದೆವು. 1799ರ ಮೇ 4ರ ಮಧ್ಯಾಹ್ನ ಅಲ್ಲಿನ ಕೋಟೆ ಬಿದ್ದು, ಟಿಪ್ಪು ಸತ್ತು, ಇವತ್ತಿಗೆ 226 ವರ್ಷ. ಅದೇ ದಿನ, ಅದೇ ಹೊತ್ತಿಗೆ, ಅದೇ ಜಾಗದಲ್ಲಿ ನಿಂತು ನೋಡಬೇಕು ಅನ್ನುವುದು ನನ್ನ ಆಸೆ. ಅಪ್ಪ ಅದಕ್ಕೊಂದು ಸೇರಿಸಿದ: "ಬೆಳಿಗ್ಗೆನೇ ಹೋಗನ, ಮೊದ್ಲು ಸೇತುವೆ ನೋಡ್ಬೇಕು."

ಹಾಗಾಗಿ ಮೊದಲು ವೆಲ್ಲೆಸ್ಲಿ ಸೇತುವೆ. ದಿವಾನ್ ಪೂರ್ಣಯ್ಯನವರು ಮುಂದೆ ನಿಂತು ಕಟ್ಟಿಸಿದ್ದು, 1804ರಲ್ಲಿ ಮುಗಿದದ್ದು. ಹೆಸರು ಆಗಿನ ಗವರ್ನರ್ ಜನರಲ್‌ನದು. ಅಪ್ಪ ಪಂಚೆ ಎತ್ತಿ ಕಟ್ಟಿಕೊಂಡು ದಡಕ್ಕಿಳಿದು ಕಂಬಗಳನ್ನೇ ನೋಡುತ್ತಾ ನಿಂತ. ಹೊಳೆಯ ಬಂಡೆಯ ಮೇಲೆ ಸಾಲುಸಾಲು ಕಲ್ಲುಕಂಬ, ಅದರ ಮೇಲೆ ಕಲ್ಲಿನ ಬೋದಿಗೆ, ಅದರ ಮೇಲೆ ಕಲ್ಲಿನ ತೊಲೆ. "ನೋಡ್ಲಾ ಮಗ, ಇದು ದೇವಸ್ಥಾನ ಕಟ್ಟೋರ ಕೈ. ಮಂಟಪ ಕಟ್ಟೋ ಹಂಗೇ ಹೊಳೆ ಮೇಲೆ ಕಟ್ಟವ್ರೆ" ಅಂದ. ನಾನು ಎಷ್ಟೋ ಸಲ ಆ ಸೇತುವೆ ನೋಡಿದ್ದೇನೆ, ಇದು ನನಗೆ ಹೊಳೆದಿರಲಿಲ್ಲ. ಅಷ್ಟು ತೂಕದ ಕಲ್ಲು ಎತ್ತಿದವರು ಯಾವ ಊರಿನವರು ಎಂದು ಅಪ್ಪ ಕೇಳಿದ. ನನ್ನಲ್ಲಿ ಉತ್ತರ ಇರಲಿಲ್ಲ. ಇಡೀ ದಿನ ನಾವು ನೋಡಿದ ಪ್ರತಿ ಕಲ್ಲಿನ ಮುಂದೆಯೂ ಅವನು ಇದನ್ನೇ ಕೇಳಿದ.

ಅಲ್ಲಿಂದ ಪೇಟೆಯೊಳಗೆ, ಟಿಪ್ಪುವಿನ ದೇಹ ಸಿಕ್ಕ ಜಾಗಕ್ಕೆ. ಮೈಸೂರಿನಲ್ಲಿ ಬೆಳೆದವರೆಲ್ಲ ಶಾಲೆಯ ಪ್ರವಾಸದಲ್ಲಿ ಒಮ್ಮೆ ಇಲ್ಲಿಗೆ ಬಂದಿರುತ್ತೇವೆ, ಎರಡು ನಿಮಿಷ ನಿಂತು ಬಸ್ಸು ಹತ್ತಿರುತ್ತೇವೆ. ಚಿಕ್ಕ ಆವರಣ, ನಡುವೆ ಒಂದು ಕಲ್ಲು. ಟಿಪ್ಪು ಸುಲ್ತಾನನ ದೇಹ ಇಲ್ಲಿ ಸಿಕ್ಕಿತು ಎಂದು ಇಂಗ್ಲಿಷಿನಲ್ಲಿ ಒಂದೇ ವಾಕ್ಯ. ಕೊಂದವರು ಯಾರು, ಹುಡುಕಿದವರು ಯಾರು, ಯಾವುದೂ ಇಲ್ಲ.

ನಾನು ಓದಿಕೊಂಡಿದ್ದನ್ನು ಅಪ್ಪನಿಗೆ ಹೇಳಿದೆ. ಆ ಮಧ್ಯಾಹ್ನ ಟಿಪ್ಪು ಊಟಕ್ಕೆ ಕೂತಿದ್ದಾಗ, ಅವನ ನೆಚ್ಚಿನ ಸೇನಾನಿ ಸೈಯದ್ ಗಫಾರ್ ಗುಂಡು ತಗುಲಿ ಸತ್ತ ಸುದ್ದಿ ಬಂತು. ಕೈ ತೊಳೆದು ಎದ್ದವನು ಕೋಟೆಗೋಡೆಯ ಮೇಲೆ ಹೋದ. ರಾತ್ರಿ ಪಂಜು ಹಿಡಿದು ಹುಡುಕಿದಾಗ ಬಾಗಿಲಿನ ದಾರಿಯಲ್ಲಿ ಹೆಣಗಳ ರಾಶಿಯೊಳಗೆ ಅವನ ದೇಹ ಸಿಕ್ಕಿತು.

ಅಪ್ಪ ಸುಮ್ಮನೆ ಕೇಳಿಸಿಕೊಂಡ. ಆಮೇಲೆ, "ಹಂಗಾದ್ರೆ ಅವನ ಮೇಲೆ ಬಿದ್ದಿದ್ದೋರು?" ಅಂದ.

ಆ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ಅವತ್ತು ಕೋಟೆಯೊಳಗೆ ಸತ್ತವರು ಸಾವಿರಾರು ಜನ. ಆ ರಾಶಿಯಲ್ಲಿದ್ದವರೂ ಯಾವುದೋ ಊರಿನ ಯಾರದೋ ಮಕ್ಕಳು. ಮಂಡ್ಯ ಕಡೆಯವರು, ಚಿತ್ರದುರ್ಗದವರು, ಮಲಬಾರಿನವರು ಇದ್ದಿರಬಹುದು. ಕಲ್ಲು ನಿಂತಿರುವ ನೆಲ ಅವರದ್ದೂ ಹೌದು. ಆವರಣದ ಹೊರಗೆ ಒಂದು ಹೆಂಗಸು ಕಡಲೆಕಾಯಿ ಮಾರುತ್ತಿದ್ದಳು. ಅಲ್ಲಿ ಬಂದವರೆಲ್ಲ ಕಲ್ಲಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ನಾವು ಅಲ್ಲಿ ಅರ್ಧ ಗಂಟೆ ಕೂತೆವು.

ರೈಲು ನಿಲ್ದಾಣದ ಹತ್ತಿರ ಹಳೆಯ ಮದ್ದಿನಮನೆಯನ್ನೂ, ಅಂದರೆ ಸಿಡಿಮದ್ದು ಇಡುತ್ತಿದ್ದ ಕಟ್ಟಡವನ್ನೂ, ನೋಡಿದೆವು. ಜೋಡಿ ಹಳಿ ಹಾಕಲು ಅಡ್ಡ ಬಂತೆಂದು 2017ರಲ್ಲಿ ಇಡೀ ಕಟ್ಟಡವನ್ನು ಬುಡದಿಂದ ಎತ್ತಿ ನೂರು ಮೀಟರಿಗೂ ಆಚೆ ಸರಿಸಿದರು. ಒಡೆಯದೆ ಉಳಿಸಿದ್ದಕ್ಕೆ ಕೈ ಮುಗಿಯಬೇಕು. ಅಪ್ಪನಂತೂ ಆ ಕೆಲಸದ ಬಗ್ಗೆಯೇ ಕಾಲು ಗಂಟೆ ಮಾತಾಡಿದ.

ಒಂದು ಗಂಟೆಗೆ ಸರಿಯಾಗಿ ಕೋಟೆಯ ವಾಯವ್ಯ ಮೂಲೆಗೆ ಬಂದೆವು. ಗೋಡೆ ಒಡೆದು ಒಳನುಗ್ಗಿದ ಕಡೆ ನಿಲ್ಲಿಸಿದ ಸ್ಮಾರಕ ಸ್ತಂಭ ಇಲ್ಲಿದೆ. ನೆರಳಿಲ್ಲ. ಕಲ್ಲು ಮುಟ್ಟಿದರೆ ಕೈ ಸುಡುತ್ತದೆ. ಎದುರಿಗೆ ಕಾವೇರಿ, ಬಂಡೆಗಳ ನಡುವೆ ಅಲ್ಲಲ್ಲಿ ನೀರು. ಇಷ್ಟು ದಿನ ಪುಸ್ತಕದಲ್ಲಿ ಓದಿದ್ದು ಆ ಬಿಸಿಲಲ್ಲಿ ನಿಂತಾಗ ಅರ್ಥವಾಯಿತು. ಬ್ರಿಟಿಷರಿಗೆ ಮುಂಗಾರಿಗೆ ಮೊದಲೇ ಕೋಟೆ ಹಿಡಿಯಬೇಕಿತ್ತು. ಮಳೆ ಹಿಡಿದು ಹೊಳೆ ತುಂಬಿದರೆ ದಾಟುವ ಮಾತೇ ಇಲ್ಲ. ಹೊಳೆ ಬತ್ತಿದ ಮೇ ತಿಂಗಳು, ಕೋಟೆಯೊಳಗಿನವರು ಊಟಕ್ಕೆ ಕೂರುವ ಉರಿಬಿಸಿಲ ಹೊತ್ತು. ಕೆಲವೇ ನಿಮಿಷದಲ್ಲಿ ದಾಟಿ ಒಡಕಿನ ಮೇಲೆ ಬಾವುಟ ನೆಟ್ಟರು. ಮುಂದೆ ನಿಂತು ನುಗ್ಗಿಸಿದ ಬ್ರಿಟಿಷ್ ಸೇನಾನಿ ಬೇರ್ಡ್, ಅದಕ್ಕೂ ಮೊದಲು 1780ರಿಂದ 1784ರವರೆಗೆ ಇದೇ ಊರಿನಲ್ಲಿ ಸೆರೆಯಲ್ಲಿದ್ದವನು.

"ಆಗ ಕನ್ನಂಬಾಡಿ ಕಟ್ಟೆ ಇರ್ನಿಲ್ಲ. ಈಗ ನೀರು ಬಿಡೋದು ಬಿಡದಿರೋದು ಕಟ್ಟೆ ಕೈಲದೆ" ಎಂದು ಅಪ್ಪ ನೆನಪಿಸಿದ. ಅದೂ ನಿಜ. ಇವತ್ತಿನ ಹೊಳೆ ನೋಡಿ ಅವತ್ತಿನ ನೀರನ್ನು ಅಳೆಯಲಾಗದು. ಆದರೆ ಬಂಡೆ ಅವೇ, ಬಿಸಿಲೂ ಅದೇ.

ಸ್ತಂಭದ ಮೇಲಿನ ಬರಹವನ್ನು ಪೂರ್ತಿ ಓದಿದೆ. 1907ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮೈಸೂರು ಸರ್ಕಾರವೇ ನಿಲ್ಲಿಸಿದ್ದು. ಜನರಲ್ ಹ್ಯಾರಿಸ್ ಕೈಕೆಳಗೆ ಬ್ರಿಟಿಷ್ ಸೇನೆ ಕೋಟೆ ಗೆದ್ದದ್ದರ ನೆನಪಿಗೆ, ಆ ಕಾದಾಟದಲ್ಲಿ ಮಡಿದ ಅದರ ಅಧಿಕಾರಿಗಳ ನೆನಪಿಗೆ. ಸತ್ತ ಅಧಿಕಾರಿಗಳ ಹೆಸರು ಒಂದೊಂದಾಗಿ ಕೆತ್ತಿದ್ದಾರೆ. ಅವರ ಮನೆಯವರಿಗೆ ಅದು ಬೇಕಿತ್ತು, ನಾನು ಅಲ್ಲಗಳೆಯುವುದಿಲ್ಲ. ಆದರೆ ಗೋಡೆ ಕಾಯುತ್ತಾ ಇಲ್ಲೇ ಬಿದ್ದ ಒಬ್ಬನೇ ಒಬ್ಬ ಮೈಸೂರಿನ ಸಿಪಾಯಿಯ ಹೆಸರು ನನಗೆ ಸಿಗಲಿಲ್ಲ. ಸೈಯದ್ ಗಫಾರ್ ಹೆಸರೂ ಇಲ್ಲ. ನಮ್ಮ ಸರ್ಕಾರದ ದುಡ್ಡಿನಲ್ಲಿ, ನಮ್ಮ ನೆಲದಲ್ಲಿ ನಿಂತ ಕಲ್ಲು. ನನಗೆ ಗಂಟಲು ಕಟ್ಟಿತು.

ಆಗ ನೆನಪಾದದ್ದು ಆತಕೂರಿನ ನಾಯಿ.

ಹೋದ ವರ್ಷ ಬೆಂಗಳೂರಿಗೆ ಹೋದಾಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿ ಆ ಕಲ್ಲನ್ನು ನೋಡಿದ್ದೆ. ಮೂಲ ಜಾಗ ಮದ್ದೂರು ತಾಲ್ಲೂಕಿನ ಆತಕೂರು, ನಮ್ಮೂರಿನ ಸೀಮೆಯೇ. ಕಾಲ ಕ್ರಿ.ಶ. 949-50. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಇಮ್ಮಡಿ ಬೂತುಗನೂ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿ ಬಂದ ಸಮಯ. ಆ ಯುದ್ಧದಲ್ಲಿ ಚೋಳ ರಾಜಕುಮಾರ ರಾಜಾದಿತ್ಯನೇ ಸತ್ತ. ಬೂತುಗನ ಕಡೆಯ ಮಣಲೆರ ಎಂಬ ವೀರನಿಗೆ, ಮೆಚ್ಚಿದೆ, ಬೇಕಾದ್ದು ಕೇಳು ಎಂದರೆ, ಅವನು ಕೇಳಿದ್ದು ಕಾಳಿ ಎಂಬ ಹೆಸರಿನ ಬೇಟೆನಾಯಿಯನ್ನು. ಊರಲ್ಲ, ಹೊನ್ನಲ್ಲ, ನಾಯಿ. ಆಮೇಲೆ ಬೆಳತೂರಿನ ಬೆಟ್ಟದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಕಾದಾಡಿ ಎರಡೂ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಾಳಿಗೆ ಕಲ್ಲು ನಿಲ್ಲಿಸಿದ, ಅದಕ್ಕೆ ಭೂಮಿ ಬಿಟ್ಟ. ಆ ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ (ಗುಡಿಯ ಶೈವ ಪೂಜಾರಿಗೆ) ನಾಯಿಯ ಪಾಪ ತಟ್ಟಲಿ ಎಂದು ಬರೆಸಿದ. ಕಲ್ಲಿನ ನೆತ್ತಿಯಲ್ಲಿ ನಾಯಿ ಹಂದಿಯ ಮೇಲೆ ಬಿದ್ದಿರುವ ಕೆತ್ತನೆಯಿದೆ. ತಕ್ಕೋಲದಂಥ ದೊಡ್ಡ ಯುದ್ಧದ ಸುದ್ದಿ ನಮಗೆ ದಕ್ಕಿದ್ದರಲ್ಲಿ ಒಂದು ನಾಯಿಯ ನೆನಪಿನ ಕಲ್ಲಿನದೂ ಪಾಲಿದೆ.

ಮುದ್ದೆ ಊಟ ಮಾಡುತ್ತಾ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಬಸ್ಸಾರಿಗೆ ಕೈ ಹಾಕಿದವನು ಹಾಗೇ ನಿಲ್ಲಿಸಿ, "ನಾಯಿಗೆ ಕಲ್ಲು ಹಾಕ್ಸಿದ್ನಾ? ಒಳ್ಳೆ ಮನುಷ್ಯ ಬುಡು" ಅಂದ. ಸ್ವಲ್ಪ ಹೊತ್ತು ಬಿಟ್ಟು, "ನಮ್ಮೂರ ಈರಪ್ಪಂಗೂ ಒಂದು ಹೆಸ್ರು ಇದ್ದಿರ್ಬೇಕಲ್ವಾ? ಇವತ್ತೇ ಹೋಗಿ ಓದನ ನಡಿ."

ಸ್ಕೂಟರಿಗೆ ಎಕ್ಸ್‌ಪ್ರೆಸ್‌ವೇ ಹತ್ತಲು ಬಿಡುವುದಿಲ್ಲ, ಹಳೇ ರಸ್ತೆಯೇ ಗತಿ. ಒಳ್ಳೆಯದೇ ಆಯಿತು, ಕಲ್ಲುಗಳೆಲ್ಲ ಇರುವುದು ಆ ರಸ್ತೆಯಲ್ಲೇ. ಮಂಡ್ಯದಲ್ಲಿ ಒಂದು ಟೀ ಕುಡಿದು ಊರು ಸೇರುವಾಗ ಐದು ಗಂಟೆ.

ಈರಪ್ಪ ಅಂದರೆ ನಮ್ಮೂರ ಕೆರೆ ಏರಿಯ ತುದಿಯಲ್ಲಿರುವ ವೀರಗಲ್ಲು. ಎದೆಮಟ್ಟ ಎತ್ತರ. ಕೆಳಗಿನ ಪಟ್ಟಿಕೆಯಲ್ಲಿ ಬಿಲ್ಲು ಹಿಡಿದವನು, ಅವನ ಹಿಂದೆ ಹಸುಗಳು. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಮೇಲಕ್ಕೆ ಕರೆದೊಯ್ಯುತ್ತಾರೆ. ಮೇಲಿನದರಲ್ಲಿ ಲಿಂಗದ ಮುಂದೆ ಕೈ ಮುಗಿದು ಕೂತಿದ್ದಾನೆ. ತುರು ಕದಿಯಲು ಬಂದವರನ್ನು ತಡೆದು ಸತ್ತವನು. ಪಟ್ಟಿಕೆಗಳ ನಡುವೆ ಎರಡು ಸಾಲು ಅಕ್ಷರ ಇರುವುದು ನನಗೆ ಚಿಕ್ಕಂದಿನಿಂದ ಗೊತ್ತು. ಎಣ್ಣೆ, ಅರಿಶಿನ, ಧೂಳು ಕೂತು ಗಟ್ಟಿಯಾಗಿ, ಯಾರೂ ಓದಿದ್ದಿಲ್ಲ.

ಕೆರೆಯಿಂದ ಬಿಂದಿಗೆಯಲ್ಲಿ ನೀರು ತಂದು ನೆನೆಸಿದೆವು. ತಂತಿ ಬ್ರಷ್ ಹಾಕಬಾರದು, ಸೀಮೆಸುಣ್ಣ ತುಂಬಬಾರದು, ಅಕ್ಷರ ಸವೆದುಹೋಗುತ್ತದೆ. ತೆಂಗಿನ ನಾರನ್ನು ಮೆತ್ತಗೆ ಉಜ್ಜಿ, ನೀರು ಹಾಕಿ, ಮತ್ತೆ ಉಜ್ಜಿ. ದನ ಹೊಡೆದುಕೊಂಡು ಬರುತ್ತಿದ್ದ ಅಜ್ಜಿಯೊಬ್ಬರು ನಿಂತು ನೋಡಿ, "ಈರಪ್ಪಂಗೆ ನೀರು ಹಾಕ್ತಿದ್ದೀರಾ? ಹಾಕಿ ಹಾಕಿ, ಮಳೆ ಬತ್ತದೆ" ಎಂದರು. ನಾವು ಮಾಡುತ್ತಿದ್ದದ್ದು ಏನೆಂದು ಹೇಳಿದ ಮೇಲೆ ಅವರೂ ಏರಿಯ ಮೇಲೆ ಕೂತರು.

ಬಿಸಿಲು ಓರೆಯಾದಾಗ ಅಕ್ಷರ ಎದ್ದವು. ಮಧ್ಯಾಹ್ನ ನೆತ್ತಿಯ ಬಿಸಿಲಲ್ಲಿ ಬರೀ ಕಲ್ಲಾಗಿ ಕಾಣುವುದು ಸಂಜೆ ಪಕ್ಕದ ಬೆಳಕಿಗೆ ಗೆರೆಗೆರೆಯಾಗಿ ತೆರೆದುಕೊಳ್ಳುತ್ತದೆ. ಮೊದಲು ಹಿಡಿದದ್ದು "ತು". ಅದರ ಪಕ್ಕ ಅಪ್ಪ ಕಂಡೇ ಇರದ ಅಕ್ಷರ, ಹಳಗನ್ನಡದ ಶಕಟರೇಫ: ಱು. ಆಮೇಲೆ "ವಂ". ತುಱುವಂ! ಮುಂದೆ "ಮಗುಳ್ಚಿ". ತುರುಗಳನ್ನು ಮರಳಿ ತಂದು. ನಾನು ಜೋರಾಗಿ ಓದಿದೆ, ಅಪ್ಪ ಹಿಂದಿನಿಂದ ಪ್ರತಿ ಅಕ್ಷರವನ್ನೂ ಮತ್ತೆ ಹೇಳಿದ. ಒಂದನೇ ಕ್ಲಾಸಿನಲ್ಲಿ ಅವನು ನನಗೆ ಹೇಳಿಕೊಟ್ಟ ಹಾಗೆಯೇ.

ಎರಡನೇ ಸಾಲಿನಲ್ಲಿ "ಗವುಡನ ಮಗ" ಎಂಬಷ್ಟು ಸ್ಪಷ್ಟ. ಅದಾದ ಮೇಲೆ "ಮಾ". ಅಲ್ಲಿಗೆ ಕಲ್ಲಿನ ಅಂಚು ಚಕ್ಕೆ ಎದ್ದುಹೋಗಿದೆ. ಯಾವ ಕಾಲದಲ್ಲೋ ಗಾಡಿಯ ಅಚ್ಚು ತಗುಲಿರಬೇಕು. ಬಗ್ಗಿ, ಟಾರ್ಚು ಹಾಕಿ, ನೆಲದ ಮಣ್ಣನ್ನೂ ಬೆರಳಲ್ಲಿ ಕೆದಕಿ ನೋಡಿದೆ. ಚಕ್ಕೆ ಸಿಗಲಿಲ್ಲ.

"ಮಾರ ಇರ್ಬೌದು" ಅಂದ ಅಪ್ಪ. "ಮಾಚನೂ ಆಗ್ಬೌದು."

"ನಮ್ಮ ಮಾವನ ತಾತ ಮಾಯಿಗ ಅಂತ ಇದ್ರು" ಎಂದರು ಅಜ್ಜಿ.

ಕತ್ತಲಾಗುತ್ತಿತ್ತು. ದನಗಳು ತಾವಾಗಿಯೇ ಮನೆ ಕಡೆ ಹೊರಟಿದ್ದವು, ಅಜ್ಜಿ ಇನ್ನೂ ಎದ್ದಿರಲಿಲ್ಲ. ಅಪ್ಪ ಒದ್ದೆ ಕಲ್ಲಿನ ಮುಂದೆ ಕುಕ್ಕುರುಗಾಲಲ್ಲಿ ಕೂತು, "ಮಾ"ದ ಗೆರೆಯೊಳಗೆ ಬೆರಳಿಟ್ಟು ಮೆಲ್ಲಗೆ ತಿದ್ದುತ್ತಿದ್ದ.